ಕದ್ರಿ ಗುಡ್ಡೆಯ ನೀರಿನ ಲೆಕ್ಕ

ಮಂಗಳೂರಿನಲ್ಲಿ ಯಾರ ಮನೆಗೆ ದಾರಿ ಕೇಳಿದರೂ ಉತ್ತರದಲ್ಲಿ ಒಂದು ಏರೋ ಇಳಿಜಾರೋ ಇದ್ದೇ ಇರುತ್ತದೆ. ಊರಿಗೆ ಊರೇ ಗುಡ್ಡೆಗಳ ಮೇಲೆ, ಗುಡ್ಡೆಗಳ ಸಂದಿನಲ್ಲಿ ಹರಡಿಕೊಂಡಿದೆ. ಸಮತಟ್ಟು ಬೇಕೆಂದರೆ ಒಂದೋ ನೆತ್ತಿಯ ಪದವಿಗೆ ಹತ್ತಬೇಕು, ಇಲ್ಲವೇ ಹೊಳೆ ಬದಿಯ ಬಯಲಿಗೆ ಇಳಿಯಬೇಕು. ಬಾವುಟಗುಡ್ಡೆ, ಲೇಡಿಹಿಲ್, ಹ್ಯಾಟ್‌ಹಿಲ್ ಎಂದು ಹೆಸರು ಹೊತ್ತ ಇಂಥ ಗುಡ್ಡೆಗಳಲ್ಲಿ ಪೇಟೆಯ ಪೂರ್ವಕ್ಕಿರುವ ಕದ್ರಿ ಹಳೆಯದು, ಹಸಿರಾದದ್ದು. ನನ್ನ ದೃಷ್ಟಿಯಲ್ಲಿ ಅತ್ಯಂತ ಕುತೂಹಲದ್ದೂ ಅದೇ. ಬಂದರಿನ ಬಿಸಿಲು, ಬೆವರು, ಮೀನಿನ ವಾಸನೆ ದಾಟಿ ಮಲ್ಲಿಕಟ್ಟೆ ಕಳೆದು ದೇವಸ್ಥಾನದ ರಸ್ತೆಗೆ ತಿರುಗಿದರೆ ಸಾಕು, ಮರಗಳು ಎರಡೂ ಕಡೆಯಿಂದ ಬಾಗಿ ಬಿಸಿಲನ್ನು ತಡೆಯುತ್ತವೆ. ಕಂಪೌಂಡಿನೊಳಗೆ ಹಲಸು, ಮಾವು, ತೆಂಗು. ರಸ್ತೆ ಬದಿಗೆ ಮಳೆಮರ, ಸಂಪಿಗೆ. ದೇವಸ್ಥಾನದ ಆಸುಪಾಸಿನಲ್ಲಿ ಅಶ್ವತ್ಥ, ರೆಂಜೆ.

ಕದ್ರಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಂಜುನಾಥನಿಂದ ಶುರುಮಾಡುತ್ತಾರೆ. ನಾನು ಕಲ್ಲಿನಿಂದ ಶುರುಮಾಡುತ್ತೇನೆ, ಯಾಕೆಂದರೆ ದೇವರು, ಜೋಗಿಗಳು, ಅರಸರು, ಆಮೇಲೆ ಬಂದ ಬಂಗಲೆಗಳು, ಈಗಿನ ಫ್ಲಾಟುಗಳು ಎಲ್ಲವೂ ಆ ಕಲ್ಲು ಕೊಟ್ಟ ನೀರಿನ ಸುತ್ತ ಬೆಳೆದಂಥವು.

ಗುಡ್ಡೆಯ ಮೇಲ್ಮೈ ಪೂರ್ತಿ ಮುರಕಲ್ಲು. ಕರಾವಳಿಯ ಮನೆಗಳ ಗೋಡೆಗೆಲ್ಲ ಬಳಸುವ ಅದೇ ಕೆಂಪುಕಲ್ಲು. ಕಡಿಯುವಾಗ ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಟಿಪ್ಪು ಸತ್ತ ಮರುವರ್ಷ ಕಂಪನಿ ಸರ್ಕಾರದ ಪರವಾಗಿ ದಕ್ಷಿಣದ ಸೀಮೆಗಳನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಮಲಬಾರಿನಲ್ಲಿ ನೋಡಿ ಬೆರಗಾಗಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅಲ್ಲಿಂದ ಉತ್ತರಕ್ಕೆ ಬರುತ್ತ 1801ರ ಆರಂಭದಲ್ಲಿ ನಮ್ಮ ಜಿಲ್ಲೆಯನ್ನೂ ಹಾದುಹೋದ. ಈ ಕಲ್ಲಿಗೆ ನೀರ್‌ದೋಸೆಯ ಹಾಗೆ ಮೈತುಂಬ ತೂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ಕಡಿಮೆಯದ್ದಲ್ಲ. ವರ್ಷದ ಲೆಕ್ಕ 3,500 ಮಿಲಿಮೀಟರ್ ದಾಟುತ್ತದೆ. ಆ ನೀರಿನಲ್ಲಿ ಒಂದಷ್ಟು ತೋಡು ಹಿಡಿದು ಓಡಿಹೋದರೂ ಉಳಿದದ್ದು ಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ. ಮುರಕಲ್ಲಿನ ಪದರ ಮುಗಿದ ಕಡೆ ಬಿಳಿ, ನಸುಗೆಂಪು, ಹಳದಿ ಬಣ್ಣಗಳ ಜೇಡಿಯಂಥ ಮಣ್ಣು ಸಿಗುತ್ತದೆ. ನಮ್ಮಲ್ಲಿ ಅದಕ್ಕೆ ಶೇಡಿ ಅನ್ನುತ್ತಾರೆ. ಶೇಡಿ ನೀರನ್ನು ಸುಲಭದಲ್ಲಿ ಕೆಳಗೆ ಬಿಡುವುದಿಲ್ಲ. ಕೆಳಕ್ಕೆ ದಾರಿ ಕಾಣದ ನೀರು ಅಡ್ಡಡ್ಡ ಹರಿದು, ಗುಡ್ಡೆಯ ಬದಿಯಲ್ಲಿ ಎಲ್ಲಿ ಬಾಯಿ ಸಿಕ್ಕಿತೋ ಅಲ್ಲಿ ಹೊರಗೆ ಬರುತ್ತದೆ.

ಬಾವಿ ತೋಡುವ ಹಿರಿಯರೊಬ್ಬರು ನನಗೆ ಇದನ್ನೇ ಎರಡು ಮಾತಿನಲ್ಲಿ ಮುಗಿಸಿದ್ದರು: "ಮುರ ಮುಗೀಬೇಕು, ಶೇಡಿ ಕಾಣ್ಬೇಕು ಮಾರಾಯ್ರೆ. ಎರಡೂ ಸೇರುವಲ್ಲಿ ನೀರು ಉಂಟು, ಅದಕ್ಕೆ ಕಾಯಿ ಇಟ್ಟು ನೋಡ್ಬೇಕಂತ ಇಲ್ಲ." ಭೂವಿಜ್ಞಾನದ ಪುಸ್ತಕ ಹೇಳುವುದೂ ಇಷ್ಟನ್ನೇ, ಪುಟಗಳು ಮಾತ್ರ ಜಾಸ್ತಿ.

ಮಂಜುನಾಥ ದೇವಸ್ಥಾನದ ಹಿಂಬದಿಯಲ್ಲಿ ಮೆಟ್ಟಿಲು ಹತ್ತಿದರೆ ಗೋಮುಖದಿಂದ ನೀರು ಬೀಳುವುದನ್ನು ನೋಡಬಹುದು. ಭಕ್ತರಿಗೆ ಅದು ಕಾಶಿಯಿಂದ ನೆಲದಡಿಯಲ್ಲಿ ಬರುವ ಭಾಗೀರಥಿ ತೀರ್ಥ. ಹಾಗೆ ಬಿದ್ದ ನೀರು ಒಂದರ ಪಕ್ಕ ಒಂದು ಕಟ್ಟಿದ ಕೊಳಗಳಿಗೆ ಹೋಗುತ್ತದೆ. ಏಳು ಕೊಳ ಅನ್ನುವವರಿದ್ದಾರೆ, ಒಂಬತ್ತು ಅನ್ನುವವರೂ ಇದ್ದಾರೆ, ಎಣಿಕೆ ಎಲ್ಲಿಂದ ಶುರುಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಬೆಳಗ್ಗೆ ಹೋದರೆ ಘಟ್ಟದ ಮೇಲಿನಿಂದ ಬಸ್ಸು ಮಾಡಿಕೊಂಡು ಬಂದ ಕುಟುಂಬಗಳು ಸಿಗುತ್ತವೆ. ಗಂಡಸರು ಪಂಚೆ ಎತ್ತಿ ಕಟ್ಟಿ ಒಂದೊಂದೇ ಕೊಳದಲ್ಲಿ ಮುಳುಗಿ ಏಳುತ್ತಾರೆ, ಹೆಂಗಸರು ತಲೆಗೆ ನೀರು ಪ್ರೋಕ್ಷಿಸಿಕೊಂಡು ಮಕ್ಕಳನ್ನು ಗದರಿಸುತ್ತಾರೆ. ಕೆಳಗೆ ಕಲ್ಲುಹಾಸಿನ ಮೇಲೆ ಒದ್ದೆ ಕಾಲಿನ ಗುರುತು ದೇವಸ್ಥಾನದ ಬಾಗಿಲವರೆಗೂ ಸಾಗುತ್ತದೆ.

ಈ ನೀರಿಗೆ ಮೊದಲು ಬಂದವರು ಯಾರು? ಬರೆದಿಟ್ಟ ಸಾಕ್ಷಿಯಲ್ಲಿ ಗಟ್ಟಿಯಾದದ್ದು ದೇವಸ್ಥಾನದ ಒಳಗೇ ಇದೆ. ಲೋಕೇಶ್ವರನ ಕಂಚಿನ ವಿಗ್ರಹ: ಮೂರು ಮುಖ, ಆರು ಕೈ, ಪದ್ಮಾಸನ. ಕರ್ನಾಟಕದ ಕಂಚಿನ ಶಿಲ್ಪಗಳ ಬಗ್ಗೆ ಯಾರೇ ಬರೆಯಲಿ, ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪೀಠದ ಮೇಲಿನ ಸಂಸ್ಕೃತ ಶಾಸನ ಕಲಿಯುಗದ 4068ನೇ ವರ್ಷವನ್ನು ಹೇಳುತ್ತದೆ, ಅಂದರೆ ಕ್ರಿ.ಶ. 968. ಆಳುಪ ಅರಸ ಕುಂದವರ್ಮ ಕದಿರಿಕಾ ವಿಹಾರದಲ್ಲಿ ಲೋಕೇಶ್ವರ ದೇವರನ್ನು ಸ್ಥಾಪಿಸಿದ ಎಂಬುದು ಅದರ ಸಾರ. ಲೋಕೇಶ್ವರ ಎಂದರೆ ಬೌದ್ಧರ ಅವಲೋಕಿತೇಶ್ವರ, ವಿಹಾರ ಎಂಬ ಮಾತೂ ಬೌದ್ಧರದ್ದೇ. ಅದನ್ನು ಮಾಡಿಸಿದ ಅರಸನನ್ನು ಅದೇ ಶಾಸನ ಶಿವನ ಪಾದದ ದುಂಬಿ ಎಂದು ಹೊಗಳುತ್ತದೆ. ಶಿವಭಕ್ತನಾದ ಅರಸ ಬೌದ್ಧರ ದೇವರನ್ನು ಬೌದ್ಧರ ಮನೆಯಲ್ಲೇ ಪ್ರತಿಷ್ಠೆ ಮಾಡಿಸಿದ. ಅದು ಆ ಕಾಲಕ್ಕೆ ಯಾರಿಗೂ ಸೋಜಿಗವಾಗಿ ಕಂಡ ಹಾಗಿಲ್ಲ. ಇಂದೂ ಆ ವಿಗ್ರಹಕ್ಕೆ ಶಿವಾಲಯದ ಆವರಣದಲ್ಲೇ ದೀಪ ಹಚ್ಚುತ್ತಾರೆ.

ಮಂಜುನಾಥ ಎಂಬ ಹೆಸರಿಗೂ ಬೌದ್ಧರ ಮಂಜುಶ್ರೀಗೂ ನಂಟು ಇರಬಹುದೇ ಎಂದು ಮಂಜೇಶ್ವರದ ಗೋವಿಂದ ಪೈಗಳಿಂದ ಹಿಡಿದು ಅನೇಕ ವಿದ್ವಾಂಸರು ಚರ್ಚಿಸಿದ್ದಾರೆ. ಒಪ್ಪುವವರೂ ಇದ್ದಾರೆ, ಖಡಾಖಂಡಿತ ತಳ್ಳಿಹಾಕುವವರೂ ಇದ್ದಾರೆ. ಈ ಜಗಳದಲ್ಲಿ ತೀರ್ಪು ಕೊಡುವ ಉಮೇದು ನನಗಿಲ್ಲ. ಧರ್ಮಸ್ಥಳಕ್ಕೂ ಕದ್ರಿಗೂ ಇರುವ ನಂಟು ಮಾತ್ರ ಕರಾವಳಿಯ ಮಕ್ಕಳಿಗೂ ಗೊತ್ತು. ಅಲ್ಲಿಯ ಲಿಂಗವನ್ನು ಕದ್ರಿಯಿಂದ ಅಣ್ಣಪ್ಪ ದೈವ ಕೊಂಡೊಯ್ದಿತು, ಸೋದೆಯ ವಾದಿರಾಜರು ಪ್ರತಿಷ್ಠೆ ಮಾಡಿದರು ಎಂಬ ಐತಿಹ್ಯ ಇವತ್ತಿಗೂ ಯಕ್ಷಗಾನದ ರಂಗಸ್ಥಳದಲ್ಲಿ ಜೀವಂತವಾಗಿದೆ.

ದೇವಸ್ಥಾನದಿಂದ ಇನ್ನೂ ಮೇಲೆ ಹತ್ತಿದರೆ ಜೋಗಿ ಮಠ. ಹತ್ತುವ ದಾರಿಯಲ್ಲಿ ಏದುಸಿರು ಬರುತ್ತದೆ, ಮರದ ನೆರಳಿರುವುದರಿಂದ ಬಚಾವು. ಮಠದ ಸುತ್ತ ನಾಥ ಯೋಗಿಗಳ ಕಲ್ಲಿನ ಸಮಾಧಿಗಳು, ಸ್ವಲ್ಪ ಆಚೆ ಮುರಕಲ್ಲಿನಲ್ಲಿ ಕೊರೆದ ಗುಹೆಗಳು. ಜನ ಅವನ್ನು ಪಾಂಡವ ಗುಹೆ ಅನ್ನುತ್ತಾರೆ. ನಮ್ಮ ಸೀಮೆಯಲ್ಲಿ ಯಾರು ಕೊರೆದರೆಂದು ತಿಳಿಯದ ಗುಹೆಗಳೆಲ್ಲ ಪಾಂಡವರ ಖಾತೆಗೆ ಜಮೆ. ಗೋರಕ್ಷನಾಥ, ಮತ್ಸ್ಯೇಂದ್ರನಾಥರ ಪರಂಪರೆಯ ಈ ಯೋಗಿಗಳು ಕದ್ರಿಯನ್ನು ತಮ್ಮ ದಕ್ಷಿಣದ ದೊಡ್ಡ ಪೀಠವಾಗಿ ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಮಠದ ಮುಖ್ಯಸ್ಥರಿಗೆ ಇಲ್ಲಿ ಅರಸು ಎಂದೇ ಗೌರವ. ಕದ್ರಿ ಜಾತ್ರೆಯ ಮೊದಲ ದಿನಗಳಲ್ಲಿ ಮಠದವರು ಬೋಳಾರದ ಮಂಗಳಾದೇವಿಗೆ ರೇಷ್ಮೆ ಸೀರೆ ಒಪ್ಪಿಸುವ ಸಂಪ್ರದಾಯ ಇಂದಿಗೂ ನಡೆದಿದೆ.

ಹಾಗೊಬ್ಬ ಅರಸನನ್ನು ಕಣ್ಣಾರೆ ಕಂಡು ಬರೆದವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿ, ಘಟ್ಟ ಇಳಿದು ಆ ವರ್ಷದ ಡಿಸೆಂಬರಿನಲ್ಲಿ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ಭೇಟಿಯಾಗಿದ್ದೂ ಇದೇ ಸುತ್ತಿನಲ್ಲಿ. ಜೋಗಿಗಳ ರಾಜನೊಬ್ಬ ಕದ್ರಿಯಲ್ಲಿದ್ದಾನೆ ಎಂದು ಕೇಳಿ ಕುತೂಹಲದಿಂದ ಹುಡುಕಿಕೊಂಡು ಹೋದ. ಅವನಿಗೆ ಸಿಕ್ಕಿದ್ದು ಬಿಳಿ ಗಡ್ಡದ, ಆದರೂ ಗಟ್ಟಿಮುಟ್ಟಾದ ಮುದುಕ. ಮೈಗೆ ಬಟ್ಟೆ ಕಮ್ಮಿ, ಜೋತ ಕಿವಿಗಳಲ್ಲಿ ಬಂಗಾರದಂತೆ ಹೊಳೆಯುವ ಗುಂಡುಗಳು, ತಲೆಗೊಂದು ಸಣ್ಣ ಕೆಂಪು ಟೋಪಿ. ಮೊದಲೆಲ್ಲ ಈ ರಾಜನಿಗೆ ಸಾಕಷ್ಟು ಭೂಮಿಕಾಣಿ ಇತ್ತು, ವೆಂಕಟಪ್ಪ ನಾಯಕ ಅದರಲ್ಲಿ ಬಹುಪಾಲು ಕಿತ್ತುಕೊಂಡ ಎಂದೂ ಆತ ದಾಖಲಿಸಿದ. ದೇವಸ್ಥಾನವನ್ನು, ಕೊಳವನ್ನು ಸುತ್ತಾಡಿ ನೋಡಿದ. ದೆಲ್ಲಾ ವಾಲ್ಲೆಯ ಕಾಗದಗಳನ್ನು ಓದುವಾಗ ನನಗೆ ಇಷ್ಟವಾಗುವುದು ಆ ಮನುಷ್ಯನ ಕಣ್ಣು. ರಾಜ ಎಂದು ಕೇಳಿ ಹೋದವನು ಅರಮನೆ ಕಾಣಲಿಲ್ಲವೆಂದು ಹಂಗಿಸಿ ಸುಮ್ಮನಾಗಲಿಲ್ಲ. ಕಿವಿಯ ಗುಂಡಿನ ಗಾತ್ರವನ್ನೂ ಬಿಡದೆ ಬರೆದುಕೊಂಡ.

ಆ ಅರಸುಪಟ್ಟ ಇಂದಿಗೂ ಬಂದು ಹೋಗುತ್ತಿದೆ. ನಾಸಿಕದ ತ್ರ್ಯಂಬಕದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭಮೇಳ ನಡೆದಾಗ ನಾಥ ಸಾಧುಗಳು ಅಲ್ಲಿ ಸೇರಿ ಕದ್ರಿಗೆ ಹೊಸ ಅರಸರನ್ನು ಆರಿಸುತ್ತಾರೆ. ಆಮೇಲೆ ಝುಂಡಿ ಎನ್ನುವ ಸಾಧುಗಳ ದೊಡ್ಡ ತಂಡ ಪಾತ್ರದೇವತೆಯನ್ನು ಹೊತ್ತು ಕಾಲ್ನಡಿಗೆಯಲ್ಲಿ ಹೊರಡುತ್ತದೆ. ಮಹಾರಾಷ್ಟ್ರ ದಾಟಿ, ಊರೂರಲ್ಲಿ ತಂಗುತ್ತ, ಘಟ್ಟ ಇಳಿದು ತಿಂಗಳುಗಟ್ಟಲೆ ನಡೆದು ಕದ್ರಿ ಮುಟ್ಟುತ್ತದೆ. ಹಿಂದಿನ ಪಟ್ಟಾಭಿಷೇಕ 2016ರ ಮಾರ್ಚಿನಲ್ಲಿ ನಡೆಯಿತು. ಐ.ಟಿ. ಕಂಪನಿಯ ಟ್ಯಾಗು ಕೊರಳಿಗೆ ಹಾಕಿಕೊಂಡ ಹುಡುಗರು ಫ್ಲಾಟಿನ ಬಾಲ್ಕನಿಯಿಂದ ಮೊಬೈಲ್ ಹಿಡಿದರೆ, ಕೆಳಗೆ ರಸ್ತೆಯಲ್ಲಿ ಕಿವಿಗೆ ಕುಂಡಲ ಹಾಕಿದ ಸಾಧುಗಳು ಶಂಖ ಊದುತ್ತ ಹೋಗುವ ಬಡಾವಣೆ ದೇಶದಲ್ಲಿ ಇನ್ನೆಷ್ಟಿವೆಯೋ.

ಬಡಾವಣೆ ಎಂಬ ಮಾತು ಬಂತಲ್ಲ. ಕದ್ರಿಯನ್ನು ಯಾರೂ ನಕ್ಷೆ ಹಾಕಿ ಕಟ್ಟಿದ್ದಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಹಾಗೆ ಇಲ್ಲಿ ಅಡ್ಡರಸ್ತೆ ಮುಖ್ಯರಸ್ತೆಗಳ ಲೆಕ್ಕ ಸಿಗುವುದಿಲ್ಲ. ಗುಡ್ಡೆಯ ಬುಡದಲ್ಲಿ ಗದ್ದೆ, ಗದ್ದೆಯ ಅಂಚಿಗೆ ತೆಂಗಿನ ತೋಟ, ತೋಟದ ಮೇಲೆ ಒಕ್ಕಲುಗಳ ಮನೆ, ಅದರ ಮೇಲೆ ಗೇರು ಮರದ ಹಾಡಿ ಎಂಬ ಹಳ್ಳಿಯ ಕ್ರಮ ಇತ್ತು. ಪೇಟೆ ನಿಧಾನಕ್ಕೆ ಅದರ ಮೇಲೆ ಹತ್ತಿ ಕುಳಿತಿತು. ಗದ್ದೆಯ ಅಂಚು ಕಟ್ಟಪುಣಿಯಾಗಿದ್ದದ್ದು ಓಣಿಯಾಯಿತು, ಓಣಿ ಡಾಮರು ಕಂಡಿತು. ಅದಕ್ಕೇ ಇಲ್ಲಿನ ರಸ್ತೆಗಳು ಹೀಗೆ ಡೊಂಕು. ಎದುರಿನಿಂದ ಕಾರು ಬಂದರೆ ಒಬ್ಬರು ಯಾರದೋ ಗೇಟಿನೊಳಗೆ ಹಿಂದೆ ಸರಿಯಬೇಕು. ಕದ್ರಿ ಕಂಬಳ ಎಂಬ ಹೆಸರಿನ ರಸ್ತೆಯ ಎರಡೂ ಬದಿಯಲ್ಲಿ ಈಗ ಎದ್ದಿರುವುದು ಬಹುಮಹಡಿ ಕಟ್ಟಡಗಳು. ಕೋಣಗಳನ್ನು ಓಡಿಸುವಷ್ಟು ಕೆಸರು ನಿಲ್ಲುವ ಜಾಗ ಎಂದರೆ ಗುಡ್ಡೆಯ ನೀರೆಲ್ಲ ಬಂದು ಸೇರುವ ತಗ್ಗು ಎಂದೇ ಅರ್ಥ. ಮಳೆಗಾಲದಲ್ಲಿ ತಗ್ಗಿನ ಮನೆಗಳ ಪಾರ್ಕಿಂಗಿಗೆ ನೀರು ನುಗ್ಗಿದಾಗ ನಗರಪಾಲಿಕೆಗೆ ಬೈಯುವವರು ರಸ್ತೆಯ ಹೆಸರನ್ನೊಮ್ಮೆ ಓದಿಕೊಂಡರೆ ಒಳ್ಳೆಯದು.

ಮನೆಗಳ ವಿಚಾರಕ್ಕೆ ಬಂದರೆ, 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಊರಿನ ಬಣ್ಣವೇ ಬದಲಾಯಿತು. ಹುಲ್ಲಿನ ಮಾಡುಗಳು ಹೋಗಿ ಕೆಂಪು ಹಂಚು ಬಂತು. ಕದ್ರಿ, ಬೆಂದೂರು, ಶಿವಬಾಗಿನ ಹಳೆಯ ಮನೆಗಳಿಗೆಲ್ಲ ಒಂದೇ ವ್ಯಾಕರಣ: ಮುರಕಲ್ಲಿನ ಅಡಿಪಾಯ, ಮುರಕಲ್ಲಿನ ಗೋಡೆ, ಉದ್ದದ ಜಗಲಿ, ಜಗಲಿಗೆ ಕೆಂಪು ಕಾವಿ ಬಳಿದ ನೆಲ, ಮಳೆ ಸಿಡಿಯದ ಹಾಗೆ ಚಾಚಿದ ಮಾಡು, ಹಿಂದೆ ಬಾವಿ. ಗುಡ್ಡೆಯಿಂದಲೇ ತೆಗೆದ ಕಲ್ಲಿನಿಂದ ಗುಡ್ಡೆಯ ಮೇಲೆ ಮನೆ. ಬೆಂದೂರಿನಲ್ಲಿ 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಬಂತು, ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು. ಈ ಏರಿಳಿತದ ದಾರಿಗಳಲ್ಲಿ ಕೊಡೆ ಹಿಡಿದು ನಡೆಯುವ ಹುಡುಗಿಯರ ಸಾಲು ನೂರು ವರ್ಷದಿಂದ ಹಾಗೇ ಇದೆ. ಬಿಜೈ ಕಡೆಯ ಇಳಿಜಾರಿನಲ್ಲಿ ಕರ್ನಲ್ ಮಿರಾಜ್ಕರ್ ಎಂಬ ಶಸ್ತ್ರವೈದ್ಯರು ಕಟ್ಟಿಸಿದ ಬಂಗಲೆ ತಾಯಿಯ ನೆನಪಿಗಾಗಿ ಸರ್ಕಾರಕ್ಕೆ ಸಂದು 1960ರಲ್ಲಿ ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯವಾಯಿತು. ಊರಿನವರಲ್ಲಿ ಎಷ್ಟು ಮಂದಿ ಒಳಗೆ ಕಾಲಿಟ್ಟಿದ್ದಾರೋ ಗೊತ್ತಿಲ್ಲ, ಬಿಜೈ ಮ್ಯೂಸಿಯಂ ಎಂಬ ಬಸ್‌ಸ್ಟಾಪು ಮಾತ್ರ ಎಲ್ಲರಿಗೂ ಗೊತ್ತು.

ಗುಡ್ಡೆಯ ನೆತ್ತಿಯನ್ನು ಸರ್ಕಾರ ತನಗಿಟ್ಟುಕೊಂಡಿತು. ಅದು ಕದ್ರಿಯ ಪುಣ್ಯ. ಸರ್ಕ್ಯೂಟ್ ಹೌಸ್, ಕೆ.ಪಿ.ಟಿ. ಎಂದು ಕರೆಯುವ ಪಾಲಿಟೆಕ್ನಿಕ್, ಆಕಾಶವಾಣಿ, ಪಾರ್ಕು, ಇವೆಲ್ಲ ವಿಶಾಲ ಜಾಗ ಹಿಡಿದು ಕೂತದ್ದರಿಂದ ನೆತ್ತಿಯ ಮೇಲೆ ಮರಗಳು ಉಳಿದವು, ಮಳೆನೀರು ಇಂಗಲು ನೆಲವೂ ಉಳಿಯಿತು. 1976ರಲ್ಲಿ ಆಕಾಶವಾಣಿ ಇಲ್ಲಿಂದ ಮಾತಾಡತೊಡಗಿದ ಮೇಲೆ ಕರಾವಳಿಯ ಅಡುಗೆಮನೆಗಳಲ್ಲಿ ಕದ್ರಿಯ ದನಿ ಕೇಳುತ್ತಿತ್ತು. ತುಳು, ಕೊಂಕಣಿ, ಬ್ಯಾರಿ ಮಾತುಗಳಿಗೆ ಅಲ್ಲೊಂದು ಕುರ್ಚಿ ಸಿಕ್ಕಿತು. ತಾಳಮದ್ದಳೆಯ ದೊಡ್ಡ ದೊಡ್ಡ ಅರ್ಥಧಾರಿಗಳು ಇದೇ ಏರು ಹತ್ತಿ ಬಂದು ಗಡಿಯಾರದ ಮುಳ್ಳಿಗೆ ತಮ್ಮ ವಾಗ್ಝರಿಯನ್ನು ಹೊಂದಿಸಿಕೊಳ್ಳುವ ಪಾಡು ಪಟ್ಟರು. ಕರ್ಣನ ಅಳಲನ್ನು ಅರ್ಧ ಗಂಟೆಯಲ್ಲಿ ಮುಗಿಸಬೇಕೆಂದರೆ ಸುಮ್ಮನೆಯೇ?

ಪಾರ್ಕಿನ ಕಥೆ ಬೇರೆ. ನನ್ನ ತಲೆಮಾರಿನವರಿಗೆ ಕದ್ರಿ ಪಾರ್ಕು ಎಂದರೆ ಜಿಂಕೆಗಳು ಮತ್ತು ಬಾಲಮಂಗಳ ಎಕ್ಸ್‌ಪ್ರೆಸ್ ಎಂಬ ಪುಟಾಣಿ ರೈಲು. ರೈಲು ಕೆಟ್ಟು ನಿಂತು, ಮತ್ತೆ ಓಡಿ, ಎಷ್ಟೋ ಬೇಸಿಗೆ ರಜೆಗಳನ್ನು ಕಂಡಿತು. ಪ್ರಾಣಿಗಳು ವಾಮಂಜೂರಿನ ಪಿಲಿಕುಳಕ್ಕೆ ಹೋದವು, ಅವಕ್ಕೂ ಒಳ್ಳೆಯದೇ ಆಯಿತು. ಅವುಗಳ ಜಾಗಕ್ಕೆ 2018ರಲ್ಲಿ ಸಂಗೀತ ಕಾರಂಜಿ ಬಂತು. ಬಣ್ಣದ ದೀಪಕ್ಕೆ ತಕ್ಕಂತೆ ನೀರು ಕುಣಿಸಲು ಅಷ್ಟೆಲ್ಲ ಖರ್ಚು ಮಾಡಿದವರು, ಅಲ್ಲಿಂದ ಸ್ವಲ್ಪ ದೂರದಲ್ಲೇ ಪಂಪು, ಕರೆಂಟು ಏನೂ ಇಲ್ಲದೆ ಗೋಮುಖದಿಂದ ಬೀಳುವ ನೀರಿನ ಮೂಲವನ್ನು ಕಾಯಲು ಎಷ್ಟು ಖರ್ಚು ಮಾಡಿದರು ಎಂದು ಕೇಳಬೇಕೆನಿಸುತ್ತದೆ. ಜನವರಿಯ ಫಲಪುಷ್ಪ ಪ್ರದರ್ಶನದ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. ಹೂವಿನ ಗಿಡ ಕೊಳ್ಳಲು ಬಂದವರು ಚರುಮುರಿ ತಿಂದು ಬರೀ ಕೈಯಲ್ಲಿ ಹೋಗುವುದನ್ನು ನೋಡುವುದೇ ಒಂದು ಸುಖ.

ಊರಿನ ಹೆಸರನ್ನು ಅತಿ ದೂರ ಕೊಂಡೊಯ್ದವರು ಕದ್ರಿ ಗೋಪಾಲನಾಥ್. 1949ರಲ್ಲಿ ಪಾಣೆಮಂಗಳೂರು ಕಡೆಯ ನಾಗಸ್ವರ ಮನೆತನದಲ್ಲಿ ಹುಟ್ಟಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ ಅದರಲ್ಲಿ ಕರ್ನಾಟಕ ಸಂಗೀತ ನುಡಿಸುತ್ತೇನೆ ಎಂದು ಹಟ ಹಿಡಿದರು. ಗಮಕಕ್ಕೆ ಒಗ್ಗದ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ವೇದಿಕೆಯವರೆಗೆ ಹೋದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಚೆನ್ನೈನ ಸಭೆಗಳಲ್ಲಿ ಕದ್ರಿ ಎಂದರೆ ಊರೆಂದು ತಿಳಿಯದೆ ಸ್ಯಾಕ್ಸೊಫೋನ್ ಎಂದೇ ತಿಳಿದ ರಸಿಕರಿದ್ದರು.

ಈಗಿನ ಕದ್ರಿಗೆ ಬರೋಣ. ಹಂಚಿನ ಮನೆಗಳಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು. ಮಕ್ಕಳು ಬೆಂಗಳೂರು, ದುಬೈ, ಕೆನಡಾ. ಹಂಚು ಮೇಲೆ ಹತ್ತಿ ಸರಿಮಾಡುವ ಕೆಲಸದವರು ಸಿಗುವುದಿಲ್ಲ, ತೆಂಗಿನಕಾಯಿ ಕೊಯ್ಯುವವರು ಸಿಗುವುದಿಲ್ಲ. ಬಿಲ್ಡರುಗಳು ಮಾತ್ರ ಬೆಳಗ್ಗೆ ಸಂಜೆ ಸಿಗುತ್ತಾರೆ. ಜಾಗ ಕೊಟ್ಟವರಿಗೆ ಎರಡೋ ಮೂರೋ ಫ್ಲಾಟು, ಲಿಫ್ಟು, ವಾಚ್‌ಮನ್. ಕೊಟ್ಟವರನ್ನು ದೂರಲು ನನಗೆ ಮನಸ್ಸಿಲ್ಲ. ಮೊಣಕಾಲು ನೋವಿನ ಅಜ್ಜಿಗೆ ಏಳು ಮೆಟ್ಟಿಲಿನ ಜಗಲಿಗಿಂತ ಲಿಫ್ಟೇ ವಾಸಿ. ಸುತ್ತಲಿನ ಮೆಡಿಕಲ್ ಕಾಲೇಜುಗಳ ಮಕ್ಕಳು ಬಾಡಿಗೆಗೆ ಬಂದಿದ್ದಾರೆ. ಅವರಿಂದಾಗಿ ರಾತ್ರಿ ಹನ್ನೊಂದಕ್ಕೂ ಶವರ್ಮ ಸಿಗುತ್ತದೆ, ಮಲಯಾಳಂ ಕೇಳಿಸುತ್ತದೆ.

ನನ್ನ ತಕರಾರು ಇರುವುದು ಕತ್ತರಿಸುವ ರೀತಿಯ ಬಗ್ಗೆ. ಹಿಂದಿನವರು ಇಳಿಜಾರಿನಲ್ಲಿ ಮನೆ ಕಟ್ಟುವಾಗ ಜಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಪ್ರತಿ ಮೆಟ್ಟಿಲಿಗೂ ಕಲ್ಲಿನ ಕಟ್ಟೆ ಕಟ್ಟುತ್ತಿದ್ದರು. ಈಗ ಜೆ.ಸಿ.ಬಿ. ಬಂದು ಒಂದೇ ಏಟಿಗೆ ಗುಡ್ಡೆಯನ್ನು ಗೋಡೆಯಷ್ಟು ನೆಟ್ಟಗೆ ಸೀಳುತ್ತದೆ, ಎರಡು ಅಂತಸ್ತು ಪಾರ್ಕಿಂಗಿಗೆ ಜಾಗ ಬೇಕಲ್ಲ. ಹೀಗೆ ಸೀಳಿದ ಜಾಗವೊಂದನ್ನು ನಿಂತು ನೋಡಿ. ಮೇಲೆ ಒಂದಷ್ಟು ಆಳ ಕೆಂಪು, ಒರಟು ಮುರಕಲ್ಲು. ಅದರ ಕೆಳಗೆ ಗೆರೆ ಎಳೆದ ಹಾಗೆ ಶೇಡಿಯ ನಸುಗೆಂಪು. ಗೆರೆಯುದ್ದಕ್ಕೂ ಡಿಸೆಂಬರಿನಲ್ಲೂ ತೇವ. ಮುರಕಲ್ಲು ಬಿಸಿಲಿಗೆ ಗಟ್ಟಿಯಾದೀತು, ಶೇಡಿ ಹಾಗಲ್ಲ. ಒಣಗಿದಾಗ ಬಂಡೆಯಂತೆ ನಟಿಸಿ ನೀರು ಕುಡಿದೊಡನೆ ಕಸುವು ಕಳೆದುಕೊಳ್ಳುತ್ತದೆ. ಜುಲೈ ತಿಂಗಳ ಒಂದು ರಾತ್ರಿಯ ಮಳೆಗೆ ಬುಡ ಜಾರಿತೆಂದರೆ ಮೇಲಿನ ಕಲ್ಲು, ಕಂಪೌಂಡು, ಹಲಸಿನ ಮರ ಎಲ್ಲ ಒಟ್ಟಿಗೆ ಕೆಳಗಿನ ಮನೆಯ ಹಿತ್ತಲಿಗೆ ಬರುತ್ತವೆ. ಕರಾವಳಿಯಲ್ಲಿ ಪ್ರತಿ ಮಳೆಗಾಲ ಗುಡ್ಡ ಜರಿದ ಸುದ್ದಿ ಓದುತ್ತೇವೆ. ಅದರಲ್ಲಿ ಬಹಳಷ್ಟರ ಹಿಂದೆ ಇದೇ ನೆಟ್ಟಗಿನ ಸೀಳು ಇರುತ್ತದೆ. ಕೆ.ಪಿ.ಟಿ.ಯಿಂದ ನಂತೂರಿನ ಕಡೆ ಹೆದ್ದಾರಿ ಗುಡ್ಡೆಯ ಮಗ್ಗುಲನ್ನು ಕೊರೆದೇ ಸಾಗಿದೆ.

ನೀರಿನ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಗೆರೆಯನ್ನು ಒಂದು ಕಡೆ ಸೀಳಿದರೆ ಕಲ್ಲು ಹಿಡಿದಿಟ್ಟ ನೀರು ಬೇಸಿಗೆಯವರೆಗೆ ಕಾಯದೆ ಅಲ್ಲೇ ಸೋರಿಹೋಗುತ್ತದೆ. ಮೇಲಿನ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರೆ ಇಂಗುವುದೂ ಇಲ್ಲ. ಕೆಳಗಿನ ಬಾವಿಯವರು ಎಪ್ರಿಲಿನಲ್ಲಿ ನೀರಿಲ್ಲವೆಂದು ಬೋರ್‌ವೆಲ್ಲಿನ ಲಾರಿ ಕರೆಸುತ್ತಾರೆ. 2019ರ ಮೇ ತಿಂಗಳಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಸೇರಿ ಊರಿಗೆಲ್ಲ ಪಾಳಿಯಲ್ಲಿ ನೀರು ಬಿಟ್ಟರು. ಮಂಗಳೂರಿನಂಥ ಮಳೆಯ ಊರಿನಲ್ಲಿ ಟ್ಯಾಂಕರ್ ಓಡಾಡಿತು! ಆಗ ಬಾವಿ ಮುಚ್ಚದೆ ಉಳಿಸಿಕೊಂಡ ಮನೆಗಳ ಗೇಟಿನ ಮುಂದೆ ಕೊಡಪಾನ ಹಿಡಿದು ನಿಂತವರಲ್ಲಿ ಪಕ್ಕದ ಬಹುಮಹಡಿಯವರೂ ಇದ್ದರು.

ಗುಡ್ಡೆಯ ಇಳಿಜಾರಿನಲ್ಲಿ ಎಷ್ಟು ಆಳಕ್ಕೆ, ಯಾವ ಓರೆಯಲ್ಲಿ ಕಡಿಯಬಹುದು ಎಂದು ಕದ್ರಿ, ಬಿಜೈ, ಬೆಂದೂರಿಗೆ ಪ್ರತ್ಯೇಕವಾದ ಒಂದು ಕಟ್ಟುನಿಟ್ಟು ಬೇಕು. ಬಯಲು ಸೀಮೆಯ ಸೆಟ್‌ಬ್ಯಾಕ್ ನಿಯಮವನ್ನು ಇಲ್ಲಿಗೆ ಹೊಂದಿಸಿದರೆ ಆಗದು. ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವಾಗ ಶೇಡಿಯ ಗೆರೆ ಎಷ್ಟು ಆಳದಲ್ಲಿದೆ ಎಂದು ಕೇಳುವ ಒಂದೇ ಒಂದು ಕಾಲಂ ಅರ್ಜಿಯಲ್ಲಿದ್ದರೂ ಅರ್ಧ ಕೆಲಸ ಆದಂತೆ. ಬಾವಿ ತೋಡುವವರನ್ನು ಕೇಳಿದರೆ ಆ ಕಾಲಂ ತುಂಬಿಸಿಕೊಡುತ್ತಾರೆ.

ತ್ರ್ಯಂಬಕದಲ್ಲಿ ಮುಂದಿನ ಸಿಂಹಸ್ಥ 2027ಕ್ಕೆ. ಅದರ ಬೆನ್ನಿಗೆ ಹೊಸ ಅರಸರು ಕದ್ರಿಗೆ ನಡೆದು ಬರಬೇಕು. ಆ ವೇಳೆಗೆ ಹೆದ್ದಾರಿ ಯಾವ ಅವತಾರದಲ್ಲಿರುತ್ತದೋ, ಝುಂಡಿಯ ಮೆರವಣಿಗೆಯನ್ನು ಯಾವ ಕಡೆಯಿಂದ ಗುಡ್ಡೆ ಹತ್ತಿಸಬೇಕೋ ಎಂಬುದು ಪೊಲೀಸರಿಗೂ ಮಠದವರಿಗೂ ಬಿಟ್ಟದ್ದು. ಕದ್ರಿಯವರಾದ ನಮ್ಮ ಚಿಂತೆ ಎಂದಿನದೇ: ಅವತ್ತು ಗಾಡಿಯನ್ನು ಮಲ್ಲಿಕಟ್ಟೆಯಲ್ಲಿ ಬಿಡುವುದೋ, ಬಿಜೈಯಲ್ಲಿ ಬಿಡುವುದೋ.